ಸಿಪಿಯು, ಗ್ರಾಫಿಕ್ಸ್ ಕಾರ್ಡಿಗೆ ಲಿಕ್ವಿಡ್ ಕೂಲಿಂಗ್: ಮೊದಲು ಅಳತೆ, ಆಮೇಲೆ ಖರೀದಿ

ಕಂಪ್ಯೂಟರ್ ಜೋಡಿಸಿಕೊಂಡವರು ನನಗೆ ಫೋನ್ ಮಾಡಿದಾಗ ಹೇಳುವ ದೂರು ಹೆಚ್ಚು ಕಡಿಮೆ ಮೂರೇ. "360 ರೇಡಿಯೇಟರ್ ತಂದೆ, ಕ್ಯಾಬಿನೆಟ್ ಒಳಗೆ ಕೂರ್ತಾನೇ ಇಲ್ಲ." "ಲಿಕ್ವಿಡ್ ಕೂಲರ್ ಹಾಕಿದರೂ ಸಿಪಿಯು 95 ಡಿಗ್ರಿಗೆ ಹೋಗ್ತಿದೆ." "ಸಿಪಿಯು ಸರಿಹೋಯ್ತು, ಈಗ ಗ್ರಾಫಿಕ್ಸ್ ಕಾರ್ಡ್ ಬಿಸಿಯಾಗ್ತಿದೆ." (ಲಿಕ್ವಿಡ್ ಕೂಲರ್ ಅಂದರೆ ಚಿಪ್ಪಿನ ಬಿಸಿಯನ್ನು ನೀರಿನ ಮೂಲಕ ಹೊರಹಾಕುವ ಕೂಲರ್. ಆ ಬಿಸಿಯನ್ನು ಗಾಳಿಗೆ ಬಿಡುವ, ಫ್ಯಾನ್ ಕೂರುವ ಲೋಹದ ಭಾಗವೇ ರೇಡಿಯೇಟರ್, 360 ಅದರ ಅಳತೆ.) ಮೂರಕ್ಕೂ ಮೂಲ ಒಂದೇ. ಕೂಲರ್ ಮೊದಲು ಕೊಂಡಿದ್ದಾರೆ, ಲೆಕ್ಕ ಆಮೇಲೆ ಹಾಕಿದ್ದಾರೆ.

ಹಾಗಾಗಿ ಇಲ್ಲಿ ಹೇಳುವ ಹಂತಗಳನ್ನು ಇದೇ ಕ್ರಮದಲ್ಲಿ ಮಾಡಿ. ಮೊದಲ ನಾಲ್ಕು ಹಂತ ಮುಗಿಯುವವರೆಗೆ ಅಂಗಡಿಗೆ ಹೋಗಬೇಡಿ, ಆನ್‌ಲೈನ್ ಕಾರ್ಟಿಗೂ ಏನನ್ನೂ ಹಾಕಬೇಡಿ. ಆ ನಾಲ್ಕಕ್ಕೆ ಒಂದು ದಿನ ಸಾಕು, ಒಂದು ರೂಪಾಯಿಯೂ ಖರ್ಚಿಲ್ಲ.

## ಕೈಯಲ್ಲಿ ಏನೇನು ಇರಬೇಕು

ಅಳತೆಗೆ ಒಂದು ಟೇಪು, ಗೋಡೆಗೆ ನೇತುಹಾಕುವ ಸಾದಾ ಥರ್ಮಾಮೀಟರ್, ತುದಿಯಲ್ಲಿ ಆಯಸ್ಕಾಂತ ಇರುವ ಪ್ಲಸ್ ಸ್ಕ್ರೂಡ್ರೈವರ್, ಐಸೊಪ್ರೊಪೈಲ್ ಆಲ್ಕೋಹಾಲ್, ನಾರು ಬಿಡದ ಬಟ್ಟೆ, ಥರ್ಮಲ್ ಪೇಸ್ಟ್ (ಚಿಪ್ಪಿಗೂ ಕೂಲರಿಗೂ ನಡುವೆ ಹಚ್ಚುವ ಲೇಪ), ಒಂದು ಟಾರ್ಚ್. ಕಂಪ್ಯೂಟರಿನಲ್ಲಿ ಎಚ್‌ಡಬ್ಲ್ಯೂಇನ್ಫೋ ಮತ್ತು ಸಿನಿಬೆಂಚ್ ಹಾಕಿಕೊಳ್ಳಿ. ಎರಡೂ ಉಚಿತ. ಮೊದಲನೆಯದು ಬಿಸಿ ಎಷ್ಟು, ವ್ಯಾಟ್ ಎಷ್ಟು ಅಂತ ತೋರಿಸುತ್ತದೆ, ಎರಡನೆಯದು ಸಿಪಿಯುಗೆ ಪೂರ್ತಿ ಕೆಲಸ ಕೊಡುತ್ತದೆ. ಕ್ಯಾಬಿನೆಟ್ ಮತ್ತು ಮದರ್‌ಬೋರ್ಡಿನ ಕೈಪಿಡಿ ಕಳೆದುಹೋಗಿದ್ದರೆ ಕಂಪನಿಯ ತಾಣದಿಂದ ಪಿಡಿಎಫ್ ಇಳಿಸಿಕೊಳ್ಳಿ. ನಾಲ್ಕನೇ ಹಂತದಲ್ಲಿ ಅದಿಲ್ಲದೆ ನಡೆಯುವುದಿಲ್ಲ.

## 1. ನಿಮ್ಮ ಸಿಪಿಯು ಎಷ್ಟು ವ್ಯಾಟ್ ಎಳೆಯುತ್ತದೆ ನೋಡಿ

ಡಬ್ಬಿಯ ಮೇಲೆ ಬರೆದ ಟಿಡಿಪಿ (ಚಿಪ್ ಎಷ್ಟು ವ್ಯಾಟ್ ಬಿಸಿ ಬಿಡುತ್ತದೆ ಅಂತ ಕಂಪನಿ ಹೇಳುವ ಅಂದಾಜು) ಸಂಖ್ಯೆಯನ್ನು ನಂಬಿ ಕೂಲರ್ ಕೊಳ್ಳಬೇಡಿ. ರೈಜೆನ್ 5 7600ರ ಮೇಲೆ 65 ವ್ಯಾಟ್ ಅಂತಿರುತ್ತದೆ, ಆದರೆ ಅದು 88 ವ್ಯಾಟ್‌ವರೆಗೆ ಎಳೆಯಬಹುದು. ರೈಜೆನ್ 9 7950ಎಕ್ಸ್ ಮೇಲೆ 170, ನಿಜದ ಮಿತಿ 230. ಇಂಟೆಲ್ ಐ7-14700ಕೆ ಮತ್ತು ಐ9-14900ಕೆ ಎರಡಕ್ಕೂ ಮೂಲ ಸಂಖ್ಯೆ 125, ಗರಿಷ್ಠ 253.

ಇಂಟೆಲ್ ಚಿಪ್ ಇದ್ದರೆ ಇನ್ನೊಂದು ಕೆಲಸ ಮಾಡಿ. ಬಯೋಸ್ (ವಿಂಡೋಸ್ ಶುರುವಾಗುವ ಮುಂಚೆ ತೆರೆಯುವ ಮದರ್‌ಬೋರ್ಡಿನ ಸೆಟ್ಟಿಂಗ್ ಪರದೆ) ತೆರೆದು ಪವರ್ ಲಿಮಿಟ್ ನೋಡಿ. ಎಷ್ಟೋ ಮದರ್‌ಬೋರ್ಡುಗಳು ಅಲ್ಲಿ 4096 ವ್ಯಾಟ್ ಅಂತ ಹಾಕಿಟ್ಟಿರುತ್ತವೆ, ಅಂದರೆ ಮಿತಿಯೇ ಇಲ್ಲ ಅಂತ ಅರ್ಥ. ಹಾಗೆ ಬಿಟ್ಟರೆ ಎಷ್ಟು ಒಳ್ಳೆ ಕೂಲರ್ ಹಾಕಿದರೂ ದೊಡ್ಡ ಚಿಪ್ಪು 100 ಡಿಗ್ರಿ ಮುಟ್ಟಬಹುದು. ಬಯೋಸ್ ಹೊಸದಕ್ಕೆ ಅಪ್‌ಡೇಟ್ ಮಾಡಿ, ಇಂಟೆಲ್ ಡಿಫಾಲ್ಟ್ ಸೆಟ್ಟಿಂಗ್ ಆಯ್ಕೆ ಮಾಡಿ. 13 ಮತ್ತು 14ನೇ ತಲೆಮಾರಿನ ಚಿಪ್‌ಗಳಿಗೆ 2024ರಲ್ಲಿ ಬಂದ ಮೈಕ್ರೋಕೋಡ್ (ಚಿಪ್ಪಿನ ಒಳಗಿನ ತಂತ್ರಾಂಶದ ತಿದ್ದುಪಡಿ) ಕೂಡ ಅದರ ಜೊತೆಗೇ ಬರುತ್ತದೆ, ಅದು ಚಿಪ್ಪಿನ ಆಯಸ್ಸಿಗೇ ಬೇಕಾದದ್ದು.

ಆಮೇಲೆ ಸಿನಿಬೆಂಚ್ ಮಲ್ಟಿಕೋರ್ 10 ನಿಮಿಷ ಓಡಿಸಿ, ಎಚ್‌ಡಬ್ಲ್ಯೂಇನ್ಫೋದಲ್ಲಿ ಸಿಪಿಯು ಪ್ಯಾಕೇಜ್ ಪವರ್ ಎಷ್ಟು ಅಂತ ಬರೆದುಕೊಳ್ಳಿ. ನೀವು ದಿನಾ ಮಾಡುವ ಕೆಲಸ, ಗೇಮೋ ವಿಡಿಯೋ ಎಡಿಟಿಂಗೋ, ಅದನ್ನೂ ಅರ್ಧ ಗಂಟೆ ಓಡಿಸಿ ಆ ಸಂಖ್ಯೆಯನ್ನೂ ಬರೆದಿಡಿ. ಗೇಮ್ ಆಡುವಾಗ ಬರುವ ಸಂಖ್ಯೆ ತುಂಬಾ ಕಡಿಮೆ ಇದ್ದರೆ ಆಶ್ಚರ್ಯಪಡಬೇಡಿ. 7800ಎಕ್ಸ್3ಡಿ ಬಹಳಷ್ಟು ಗೇಮ್‌ಗಳಲ್ಲಿ 100 ವ್ಯಾಟ್ ಕೂಡ ದಾಟುವುದಿಲ್ಲ.

ಇಲ್ಲಿ ಜನ ಎಡವುವ ಇನ್ನೊಂದು ಜಾಗ ಇದೆ. ರೈಜೆನ್ 7000 ಸರಣಿಯ ಎಕ್ಸ್ ಚಿಪ್‌ಗಳು, ಉದಾಹರಣೆಗೆ 7600ಎಕ್ಸ್, 7950ಎಕ್ಸ್, ಪೂರ್ತಿ ಕೆಲಸ ಬಿದ್ದಾಗ 95 ಡಿಗ್ರಿವರೆಗೆ ಹೋಗಿ ಅಲ್ಲೇ ನಿಲ್ಲುವ ಹಾಗೇ ಎಎಮ್‌ಡಿ ಮಾಡಿದೆ. ಸ್ವಲ್ಪ ತಂಪು ಸಿಕ್ಕಿದರೆ ಆ ಜಾಗದಲ್ಲಿ ವೇಗ ಹೆಚ್ಚಿಸಿಕೊಳ್ಳುತ್ತವೆಯೇ ಹೊರತು ಡಿಗ್ರಿ ಇಳಿಸುವುದಿಲ್ಲ. ಆ ಚಿಪ್‌ಗಳಲ್ಲಿ 95 ಕಂಡ ಮಾತ್ರಕ್ಕೆ ಕೂಲರ್ ಕೆಟ್ಟಿದೆ ಅಂತ ಅಂದುಕೊಳ್ಳಬೇಡಿ, ಕ್ಲಾಕ್ ಸ್ಪೀಡ್ (ಚಿಪ್ ಕೆಲಸ ಮಾಡುವ ವೇಗ) ಎಷ್ಟಿದೆ ಅಂತ ನೋಡಿ.

## 2. ರೂಮಿನ ಬಿಸಿ ಅಳೆಯಿರಿ

ಈ ಹಂತವನ್ನು ಬಹುತೇಕ ಎಲ್ಲರೂ ಬಿಡುತ್ತಾರೆ. ನಮಗೆ ಅತಿ ಮುಖ್ಯವಾದದ್ದು ಇದೇ.

ಲಿಕ್ವಿಡ್ ಕೂಲರ್ ಫ್ರಿಜ್ ಥರ ತಣ್ಣಗೆ ಮಾಡುವುದಿಲ್ಲ. ಚಿಪ್ಪಿನ ಬಿಸಿಯನ್ನು ನೀರು ಹೊತ್ತುಕೊಂಡು ಹೋಗಿ ರೇಡಿಯೇಟರಿಗೆ ಕೊಡುತ್ತದೆ, ಫ್ಯಾನು ಅದನ್ನು ರೂಮಿನ ಗಾಳಿಗೆ ಬಿಡುತ್ತದೆ, ಅಷ್ಟೇ. ಆದ್ದರಿಂದ ಒಳಗಿನ ನೀರು ಯಾವತ್ತೂ ರೂಮಿಗಿಂತ ತಣ್ಣಗಾಗಲು ಸಾಧ್ಯವಿಲ್ಲ. ರೂಮು ಎಷ್ಟು ಡಿಗ್ರಿ ಏರಿತೋ ಹೆಚ್ಚುಕಡಿಮೆ ಅಷ್ಟೇ ಡಿಗ್ರಿ ಚಿಪ್ಪೂ ಏರುತ್ತದೆ.

ಯೂಟ್ಯೂಬಿನಲ್ಲಿ ನೋಡುವ ವಿದೇಶಿ ವಿಮರ್ಶೆಗಳನ್ನು ಹೆಚ್ಚಾಗಿ 21ರಿಂದ 25 ಡಿಗ್ರಿಯ ರೂಮಿನಲ್ಲಿ ಮಾಡಿರುತ್ತಾರೆ. 23 ಡಿಗ್ರಿ ರೂಮಿನಲ್ಲಿ 80 ತೋರಿಸಿದ ಚಿಪ್, ಏಪ್ರಿಲ್ ಮಧ್ಯಾಹ್ನ ಎಸಿ ಇಲ್ಲದ 38 ಡಿಗ್ರಿ ರೂಮಿನಲ್ಲಿ 95ರ ಹತ್ತಿರ ಇರುತ್ತದೆ. ಬೆಂಗಳೂರು, ಮಡಿಕೇರಿಯವರಿಗೆ ಸರಿಹೋದ ಕೂಲರ್ ರಾಯಚೂರು, ಬಳ್ಳಾರಿಯಲ್ಲಿ ಸೋಲುವುದು ಇದಕ್ಕೇ. ಥರ್ಮಾಮೀಟರನ್ನು ಕ್ಯಾಬಿನೆಟ್ಟಿನ ಮುಂದೆ, ಗಾಳಿ ಒಳಗೆ ಹೋಗುವ ಜಾಗದಲ್ಲಿಟ್ಟು ಮಧ್ಯಾಹ್ನ ಮೂರು ಗಂಟೆಗೆ ನೋಡಿ. ಈಗ ಮಳೆಗಾಲವಾಗಿದ್ದರೆ ನಿಮ್ಮೂರಿನ ಬೇಸಿಗೆ ನೆನಪಿಸಿಕೊಂಡು ಆ ಸಂಖ್ಯೆ ಹಿಡಿಯಿರಿ.

ಮಂಗಳೂರು, ಕಾರವಾರದ ಕಡೆಯವರು ಕೇಳುವುದು ಬೇರೆ: ಪೈಪಿನ ಮೇಲೆ ನೀರಿನ ಹನಿ ಕೂರುತ್ತದಾ ಅಂತ. ಕೂರುವುದಿಲ್ಲ. ರೂಮಿಗಿಂತ ತಣ್ಣಗಿರುವ ವಸ್ತುವಿನ ಮೇಲೆ ಮಾತ್ರ ಹನಿ ಕೂರುತ್ತದೆ, ಇಲ್ಲಿ ಪೈಪು ಯಾವಾಗಲೂ ರೂಮಿಗಿಂತ ಬೆಚ್ಚಗೇ ಇರುತ್ತದೆ.

## 3. ಲಿಕ್ವಿಡ್ ಬೇಕೇ ಬೇಕಾ? ಇಲ್ಲಿ ನಿರ್ಧರಿಸಿ

ಈಗ ನಿಮ್ಮ ಕೈಯಲ್ಲಿ ಎರಡು ಸಂಖ್ಯೆ ಇವೆ, ವ್ಯಾಟ್ ಮತ್ತು ರೂಮಿನ ಡಿಗ್ರಿ. ನಾನು ಹಿಡಿಯುವ ಲೆಕ್ಕ ಹೀಗಿದೆ.

ಸಿಪಿಯು 120 ವ್ಯಾಟ್ ಒಳಗಿದ್ದರೆ ಒಂದೇ ಗೋಪುರದ (ಲೋಹದ ತಗಡುಗಳ ಒಂದೇ ಕಟ್ಟು ಇರುವ) ಏರ್ ಕೂಲರ್ ಧಾರಾಳ. 120ರಿಂದ 180 ಇದ್ದರೆ ಎರಡು ಗೋಪುರದ ಏರ್ ಕೂಲರ್, ಥರ್ಮಲ್‌ರೈಟ್ ಪೀರ್‌ಲೆಸ್ ಅಸಾಸಿನ್ ಅಥವಾ ಡೀಪ್‌ಕೂಲ್ ಎಕೆ620 ಥರದ್ದು. 200 ದಾಟಿ ಗಂಟೆಗಟ್ಟಲೆ ಅಲ್ಲೇ ಇರುವ ಕೆಲಸ, ಅಂದರೆ ರೆಂಡರಿಂಗ್, ದೊಡ್ಡ ಕಂಪೈಲ್, ಇದ್ದರೆ 360 ಲಿಕ್ವಿಡ್. ರೂಮು 35 ದಾಟುವ ಊರಾದರೆ ಒಂದು ಮೆಟ್ಟಿಲು ಮೇಲಿನದ್ದು ತೆಗೆದುಕೊಳ್ಳಿ.

120 ಮಿ.ಮೀ. ಒಂಟಿ ರೇಡಿಯೇಟರಿನ ಲಿಕ್ವಿಡ್ ಕೂಲರನ್ನು ಮಾತ್ರ ಸುಮ್ನೆ ಕೊಳ್ಳಬೇಡಿ. ಅದಕ್ಕಿಂತ ಕಡಿಮೆ ದುಡ್ಡಿನ ಒಳ್ಳೆ ಏರ್ ಕೂಲರ್ ಅದಕ್ಕಿಂತ ಚೆನ್ನಾಗಿ ಕೆಲಸ ಮಾಡುತ್ತದೆ, ಪಂಪ್ ಕೆಡುವ ಚಿಂತೆಯೂ ಇಲ್ಲ. 240 ಕೂಡ ಒಳ್ಳೆಯ ಎರಡು ಗೋಪುರದ ಏರ್ ಕೂಲರಿಗೆ ಹತ್ತಿರತ್ತಿರ ನಿಲ್ಲುತ್ತದೆ. ಜಾಗ ಕಡಿಮೆ, ಎತ್ತರದ ರ‍್ಯಾಮ್, ಕ್ಯಾಬಿನೆಟ್ ಅಗಲ ಸಾಲದು, ಇಂಥ ಕಾರಣ ಇದ್ದರೆ ಮಾತ್ರ 240 ನನಗೆ ಸರಿ ಅನ್ನಿಸುತ್ತದೆ.

7800ಎಕ್ಸ್3ಡಿ ಇದ್ದವರು ಒಂದು ಮಾತು ಗಮನಿಸಿ. ಅದರಲ್ಲಿ ಕ್ಯಾಶ್ (ಚಿಪ್ಪಿನ ಒಳಗಿನ ವೇಗದ ಮೆಮರಿ) ಪದರ ಚಿಪ್ಪಿನ ನೆತ್ತಿಯ ಮೇಲೆ ಕೂತಿದೆ, ಬಿಸಿ ಅದನ್ನು ದಾಟಿಯೇ ಹೊರಗೆ ಬರಬೇಕು. ಹಾಗಾಗಿ ರೇಡಿಯೇಟರ್ ಎಷ್ಟೇ ದೊಡ್ಡದಾದರೂ ಸಿಗುವ ಲಾಭ ಕಡಿಮೆ. 9800ಎಕ್ಸ್3ಡಿಯಲ್ಲಿ ಆ ಪದರವನ್ನು ಕೆಳಗೆ ಹಾಕಿದ್ದಾರೆ, ಅಲ್ಲಿ ಬಿಸಿ ಹೊರಬರುವುದು ಸಲೀಸು.

## 4. ಕ್ಯಾಬಿನೆಟ್ ಅಳೆಯಿರಿ, ಟೇಪು ಹಿಡಿದು

"360 ಸಪೋರ್ಟ್" ಅಂತ ಡಬ್ಬಿ ಮೇಲೆ ಇದೆ ಅಂದರೆ ಸಾಲದು. ಎಲ್ಲಿ ಸಪೋರ್ಟ್? ಮುಂದ್ಗಡೆಯಾ, ಮೇಲ್ಗಡೆಯಾ? ಕೈಪಿಡಿ ತೆರೆದು ನೋಡಿ. ಮುಂದೆ ಹಾಕಿದರೆ ಗ್ರಾಫಿಕ್ಸ್ ಕಾರ್ಡಿಗೆ ಉದ್ದ ಉಳಿಯುತ್ತದಾ?

360 ಅನ್ನುವುದು ಮೂರು 120 ಮಿ.ಮೀ. ಫ್ಯಾನುಗಳ ಲೆಕ್ಕ ಮಾತ್ರ. ರೇಡಿಯೇಟರಿನ ಎರಡು ತುದಿಯಲ್ಲಿ ನೀರಿನ ಟ್ಯಾಂಕ್ ಇರುವುದರಿಂದ ನಿಜವಾದ ಉದ್ದ ಸುಮಾರು 395ರಿಂದ 400 ಮಿ.ಮೀ. ಆಗುತ್ತದೆ. 240ರದ್ದು ಸುಮಾರು 275ರಿಂದ 280. ದಪ್ಪ ಸಾಮಾನ್ಯವಾಗಿ 27, ಫ್ಯಾನಿನ ದಪ್ಪ 25, ಒಟ್ಟು 52. ಆರ್ಕ್ಟಿಕ್ ಲಿಕ್ವಿಡ್ ಫ್ರೀಜರ್ 3ರ ರೇಡಿಯೇಟರ್ 38 ದಪ್ಪ, ಫ್ಯಾನ್ ಸೇರಿ 63. ಈ 11 ಮಿ.ಮೀ. ವ್ಯತ್ಯಾಸದಲ್ಲೇ ಎಷ್ಟೋ ಜನ ಸಿಕ್ಕಿಹಾಕಿಕೊಳ್ಳುತ್ತಾರೆ.

ಪಕ್ಕದ ಗಾಜು ತೆಗೆದಿಟ್ಟು ಅಳೆಯಬೇಕಾದ್ದು ಮೂರು ಜಾಗ. ಮೊದಲನೆಯದು, ಕ್ಯಾಬಿನೆಟ್ಟಿನ ನೆತ್ತಿಯಿಂದ ಮದರ್‌ಬೋರ್ಡಿನ ಮೇಲಂಚಿನವರೆಗೆ. ಅಲ್ಲಿ 55 ಮಿ.ಮೀ. ಸಿಗದಿದ್ದರೆ ರೇಡಿಯೇಟರ್ ಬೋರ್ಡಿನ ಮೇಲೆ ಚಾಚಿಕೊಳ್ಳುತ್ತದೆ, ಆಗ ರ‍್ಯಾಮಿನ ಎತ್ತರ ಮತ್ತು ಸಿಪಿಯು ಪಕ್ಕದ ಲೋಹದ ಹೀಟ್‌ಸಿಂಕಿನ ಎತ್ತರ ತಡೆಯುತ್ತವಾ ನೋಡಬೇಕು. ಎರಡನೆಯದು, ಮುಂದಿನ ಫಲಕದಿಂದ ಗ್ರಾಫಿಕ್ಸ್ ಕಾರ್ಡಿನ ತುದಿವರೆಗೆ. ಮೂರನೆಯದು, ರೇಡಿಯೇಟರ್ ಕೂರುವ ಜಾಗದಿಂದ ಸಿಪಿಯುವರೆಗೆ ಪೈಪ್ ಬಳಸಿಕೊಂಡು ಬರುವ ದೂರ. ಒಂದು ದಾರ ಹಿಡಿದು ಅಳೆದರೆ ಸರಿಯಾಗಿ ಗೊತ್ತಾಗುತ್ತದೆ.

ಅಳತೆ ಮುಗಿದ ಮೇಲೆ ಮುಂದಿನ ಫಲಕ ನೋಡಿ. ಗಾಳಿ ಎಲ್ಲಿಂದ ಬರಬೇಕು? ಕಲಬುರಗಿಯಲ್ಲಿರುವ ನನ್ನ ಚಿಕ್ಕಪ್ಪನ ಮಗ ಐ7-14700ಕೆ ಹಾಕಿಸಿಕೊಂಡು, 360 ಲಿಕ್ವಿಡ್ ಕೂಲರನ್ನು ಮುಂದ್ಗಡೆ ಕೂರಿಸಿದ್ದ. ಮೇ ತಿಂಗಳಲ್ಲಿ ವಿಡಿಯೋ ರೆಂಡರ್‌ಗೆ ಬಿಟ್ಟು ಫೋನ್ ಮಾಡಿದ: "ಅಣ್ಣಾ, ನೂರಕ್ಕ ಹೋಗಿ ನಿಂತದ ನೋಡು." ನಾನು ಹೋಗಿ ನೋಡಿದರೆ ಮುಂದಿನ ಫಲಕ ಪೂರ್ತಿ ಗಾಜು. ಪಕ್ಕದಲ್ಲಿ ಬೆರಳು ತೂರದಷ್ಟು ಸಂದು, ಅದಕ್ಕೂ ಒಳಗಿನಿಂದ ಧೂಳು ಹಿಡಿದ ಜಾಲರಿ. ಆ ಗಾಜನ್ನು ಕಿತ್ತು ಮಂಚದ ಮೇಲಿಟ್ಟೆವು. ಹತ್ತೇ ನಿಮಿಷದಲ್ಲಿ ಫ್ಯಾನಿನ ಸದ್ದು ಇಳಿಯಿತು, ಸಿಪಿಯು ನೂರು ಬಿಟ್ಟು ಕೆಳಗೆ ಬಂತು. ಕೂಲರಿನಲ್ಲಿ ತಪ್ಪೇ ಇರಲಿಲ್ಲ. ಗಾಳಿ ಇಲ್ಲದೆ ರೇಡಿಯೇಟರ್ ಏನು ತಾನೆ ಮಾಡೀತು? ನಿಮ್ಮದೂ ಮುಂದೆ ಗಾಜಿನ ಕ್ಯಾಬಿನೆಟ್ ಆಗಿದ್ದು, ತಳದಿಂದಲೋ ಪಕ್ಕದಿಂದಲೋ ಗಾಳಿ ಎಳೆಯುವ ಬೇರೆ ಫ್ಯಾನಿನ ವ್ಯವಸ್ಥೆ ಇಲ್ಲದಿದ್ದರೆ, ಕೂಲರಿಗೆ ಇಟ್ಟ ದುಡ್ಡಿನಲ್ಲಿ ಮೊದಲು ಜಾಲರಿ ಮುಖದ ಕ್ಯಾಬಿನೆಟ್ ತನ್ನಿ.

## 5. ಸಿಪಿಯುಗೆ ಎಐಒ ಆರಿಸುವುದು

ಎಐಒ ಅಂದರೆ ನೀರು ತುಂಬಿಸಿ, ಮುಚ್ಚಿ, ಸಿದ್ಧವಾಗಿ ಬರುವ ಕೂಲರ್. ಹತ್ತರಲ್ಲಿ ಒಂಬತ್ತು ಜನಕ್ಕೆ ಬೇಕಾದ್ದು ಇದೇ.

ಸಾಕೆಟ್ (ಮದರ್‌ಬೋರ್ಡಿನಲ್ಲಿ ಚಿಪ್ ಕೂರುವ ಜಾಗ) ಮೊದಲು ನೋಡಿ. ಎಎಮ್5, ಎಲ್‌ಜಿಎ 1700, ಎಲ್‌ಜಿಎ 1851, ಇವುಗಳಲ್ಲಿ ನಿಮ್ಮದಕ್ಕೆ ಬೇಕಾದ ಬ್ರಾಕೆಟ್ ಡಬ್ಬಿಯಲ್ಲೇ ಇದೆಯಾ? ಹಳೆಯ ದಾಸ್ತಾನಿನ ಕೂಲರ್ ರಿಯಾಯಿತಿಗೆ ಸಿಕ್ಕಿದಾಗ ಇದನ್ನು ಕೇಳಲೇಬೇಕು. ಎಲ್‌ಜಿಎ 1700ರಲ್ಲಿ ಚಿಪ್ಪಿನ ಎತ್ತರ ಹಿಂದಿನ ಸಾಕೆಟ್‌ಗಳಿಗಿಂತ ಕಡಿಮೆ, ಹಳೇ ಬ್ರಾಕೆಟ್ ಹೇಗೋ ಹೊಂದಿಸಿ ಹಾಕಿದರೆ ಒತ್ತಡ ಸಾಲದೆ ಚಿಪ್ ಬಿಸಿಯಾಗುತ್ತದೆ.

ಆಮೇಲೆ ವಾರಂಟಿ. ಮುಚ್ಚಿದ ಕೂಲರಿನಲ್ಲೂ ನೀರು ರಬ್ಬರ್ ಪೈಪಿನ ಗೋಡೆಯ ಮೂಲಕ ವರ್ಷಗಟ್ಟಲೆ ಚೂರುಚೂರೇ ಆವಿಯಾಗಿ ಹೋಗುತ್ತದೆ. ಬಿಸಿ ರೂಮಿನಲ್ಲಿ ಇನ್ನೂ ಬೇಗ. ಅದಕ್ಕೇ 5 ಅಥವಾ 6 ವರ್ಷ ವಾರಂಟಿ ಇರುವುದನ್ನೇ ತೆಗೆದುಕೊಳ್ಳಿ. ಸರ್ವೀಸ್ ಸೆಂಟರ್ ನಿಮ್ಮ ಊರಿನಲ್ಲೋ ಹತ್ತಿರದ ನಗರದಲ್ಲೋ ಇದೆಯಾ, ಇಲ್ಲದಿದ್ದರೆ ಕೊರಿಯರ್ ಯಾರ ಖರ್ಚು ಅಂತ ಕೊಳ್ಳುವ ಮುಂಚೆ ಕೇಳಿ. ಸೋರಿ ಬೇರೆ ಭಾಗ ಹಾಳಾದರೆ ಅದಕ್ಕೂ ಪರಿಹಾರ ಕೊಡುತ್ತಾರಾ ಅಂತಲೂ ವಾರಂಟಿ ಹಾಳೆಯಲ್ಲಿ ಓದಿ. ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಕೊಂಡರೂ ಸರಿ, ಆನ್‌ಲೈನಾದರೂ ಸರಿ, ಸೀರಿಯಲ್ ನಂಬರ್ ಇರುವ ಜಿಎಸ್‌ಟಿ ಬಿಲ್ ಇಲ್ಲದೆ ತರಬೇಡಿ.

ನಂತರ ಫ್ಯಾನು. ನಾಲ್ಕು ಪಿನ್ನಿನ ಪಿಡಬ್ಲ್ಯೂಎಮ್ (ಮದರ್‌ಬೋರ್ಡೇ ವೇಗ ಏರಿಸಿ ಇಳಿಸಬಲ್ಲ) ಫ್ಯಾನ್ ಇರಲಿ. ಪಂಪ್ ಮೇಲಿನ ಎಲ್‌ಸಿಡಿ ಪರದೆಗೆ ಕೊಡುವ ದುಡ್ಡು ಡಿಗ್ರಿ ಇಳಿಸುವುದಿಲ್ಲ, ಮೇಲಾಗಿ ಮದರ್‌ಬೋರ್ಡಿನಲ್ಲಿ ಒಂದು ಒಳಗಿನ ಯುಎಸ್‌ಬಿ ಹೆಡರ್ (ವೈರ್ ಚುಚ್ಚುವ ಪಿನ್ನುಗಳ ಜಾಗ) ತಿನ್ನುತ್ತದೆ. ಆ ಹೆಡರ್ ಖಾಲಿ ಇದೆಯಾ ನೋಡಿಕೊಂಡು ಕೊಳ್ಳಿ.

## 6. ಗ್ರಾಫಿಕ್ಸ್ ಕಾರ್ಡಿನ ವಿಚಾರ

ನಿಜ ಹೇಳಬೇಕೆಂದರೆ ಲಿಕ್ವಿಡ್ ಕೂಲಿಂಗಿನ ಲಾಭ ಸಿಪಿಯುಗಿಂತ ಜಾಸ್ತಿ ಸಿಗುವುದು ಗ್ರಾಫಿಕ್ಸ್ ಕಾರ್ಡಿಗೆ. ಸಿಪಿಯು ಚಿಪ್ ಪುಟ್ಟದು, ಅದರ ಮೇಲೊಂದು ಲೋಹದ ಮುಚ್ಚಳ ಬೇರೆ. ಗ್ರಾಫಿಕ್ಸ್ ಚಿಪ್ ದೊಡ್ಡದು, ಮುಚ್ಚಳವಿಲ್ಲ, ಬ್ಲಾಕ್ (ಚಿಪ್ಪಿನ ಮೇಲೆ ಕೂರುವ, ಒಳಗೆ ನೀರು ಹರಿಯುವ ಲೋಹದ ಭಾಗ) ನೇರವಾಗಿ ಅದರ ಮೈಗೆ ತಾಗುತ್ತದೆ. ಎಳೆಯುವ ವ್ಯಾಟ್ ಕೂಡ ಅಲ್ಲೇ ಜಾಸ್ತಿ: ಆರ್‌ಟಿಎಕ್ಸ್ 4070 ಸೂಪರ್ 220, 5080 360, 4090 450, 5090 575. ಆದರೆ ವಾರಂಟಿ ಹೋಗುವ ಅಪಾಯ, ಕಾರ್ಡೇ ಹಾಳಾಗುವ ಅಪಾಯ ಕೂಡ ಅಲ್ಲೇ ಜಾಸ್ತಿ. ಹಾಗಾಗಿ ಕೆಳಗಿನ ಮೆಟ್ಟಿಲುಗಳನ್ನು ಒಂದೊಂದೇ ಹತ್ತಿ, ಯಾವುದರಲ್ಲಿ ತೃಪ್ತಿಯಾಯಿತೋ ಅಲ್ಲೇ ನಿಲ್ಲಿ.

ಮೊದಲ ಮೆಟ್ಟಿಲು, ನೋಡುವುದು. ಅರ್ಧ ಗಂಟೆ ಗೇಮ್ ಓಡಿಸಿ ಎಚ್‌ಡಬ್ಲ್ಯೂಇನ್ಫೋದಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಬಿಸಿ, ಹಾಟ್‌ಸ್ಪಾಟ್ (ಆ ಚಿಪ್ಪಿನ ಅತಿ ಬಿಸಿ ಜಾಗ), ಮೆಮರಿ, ಮೂರನ್ನೂ ಬರೆಯಿರಿ. ಕೆಲವು ಕಾರ್ಡುಗಳಲ್ಲಿ ಹಾಟ್‌ಸ್ಪಾಟ್ ಕಾಣಿಸುವುದಿಲ್ಲ, ಇದ್ದರೆ ನೋಡಿ. ಹಾಟ್‌ಸ್ಪಾಟ್ ಮತ್ತು ಜಿಪಿಯು ನಡುವೆ 25 ಡಿಗ್ರಿಗಿಂತ ಜಾಸ್ತಿ ಅಂತರ ಇದ್ದರೆ ಚಿಪ್ಪಿನ ಮೇಲಿನ ಪೇಸ್ಟ್ ಜರುಗಿದೆ ಅಥವಾ ಒಣಗಿದೆ ಅಂತ ಅನುಮಾನಪಡಬೇಕು. ಅದಕ್ಕೆ ಬೇಕಾದ್ದು ಹೊಸ ಪೇಸ್ಟ್. ವಾರಂಟಿ ಇದ್ದರೆ ಸರ್ವೀಸಿಗೆ ಕೊಡಿ, ನೀವೇ ಬಿಚ್ಚಬೇಡಿ.

ಎರಡನೆಯದು ಗಾಳಿ. ಪಕ್ಕದ ಗಾಜು ತೆಗೆದು ಅದೇ ಗೇಮ್ ಮತ್ತೆ ಓಡಿಸಿ. ಐದಾರು ಡಿಗ್ರಿಗಿಂತ ಜಾಸ್ತಿ ಇಳಿದರೆ ಕ್ಯಾಬಿನೆಟ್ ಉಸಿರುಗಟ್ಟಿದೆ. ತಳದಲ್ಲೋ ಮುಂದೆಯೋ ಎರಡು ಫ್ಯಾನ್ ಸೇರಿಸಿದರೆ ಕೆಲಸ ಮುಗಿಯಿತು.

ಮೂರನೆಯದು, ವ್ಯಾಟ್ ಇಳಿಸುವುದು. ಎಮ್‌ಎಸ್‌ಐ ಆಫ್ಟರ್‌ಬರ್ನರ್ ಅನ್ನುವ ತಂತ್ರಾಂಶದಲ್ಲಿ ಪವರ್ ಲಿಮಿಟನ್ನು 80 ಪರ್ಸೆಂಟಿಗೆ ಎಳೆದು ನೋಡಿ. 4090ಯಂಥ ಕಾರ್ಡಿನಲ್ಲಿ 450ರ ಬದಲು 360 ವ್ಯಾಟ್ ಆಗುತ್ತದೆ, ಗೇಮಿನಲ್ಲಿ ಫ್ರೇಮ್ ಇಳಿಯುವುದು ಬಹಳ ಕಡಿಮೆ. ಬೇಸಿಗೆಯ ಮೂರು ತಿಂಗಳು ಹೀಗಿಟ್ಟು ಮಳೆ ಶುರುವಾದ ಮೇಲೆ ವಾಪಸ್ ಏರಿಸಿದರೂ ಆಯಿತು. ನನ್ನ ಕೇಳಿದರೆ ಬಹುಪಾಲು ಜನರ ಪ್ರಯಾಣ ಇಲ್ಲೇ ಮುಗಿಯಬೇಕು.

ನಾಲ್ಕನೆಯದು, ಇನ್ನೂ ಕಾರ್ಡ್ ಕೊಂಡಿಲ್ಲದವರಿಗೆ. ಕಾರ್ಖಾನೆಯಿಂದಲೇ ಲಿಕ್ವಿಡ್ ಕೂಲರ್ ಸಮೇತ ಬರುವ ಕಾರ್ಡುಗಳಿವೆ: ಎಮ್‌ಎಸ್‌ಐ ಸುಪ್ರಿಮ್ ಲಿಕ್ವಿಡ್, ಗಿಗಾಬೈಟ್ ವಾಟರ್‌ಫೋರ್ಸ್ ಥರದವು. ವಾರಂಟಿ ಪೂರ್ತಿ ಇರುತ್ತದೆ, ಏನನ್ನೂ ಬಿಚ್ಚಬೇಕಾಗಿಲ್ಲ. ಆದರೆ ಅದರ ರೇಡಿಯೇಟರಿಗೂ ಕ್ಯಾಬಿನೆಟ್ಟಿನಲ್ಲಿ ಜಾಗ ಬೇಕಲ್ವಾ? ಸಿಪಿಯುಗೂ ಎಐಒ ಇದ್ದರೆ ಒಂದು ಮೇಲೆ, ಒಂದು ಮುಂದೆ ಅಥವಾ ಪಕ್ಕದಲ್ಲಿ ಬರಬೇಕು. ನಾಲ್ಕನೇ ಹಂತದ ಅಳತೆಯನ್ನು ಎರಡೂ ರೇಡಿಯೇಟರಿಗೆ ಒಟ್ಟಿಗೆ ಮಾಡಿ.

ಕೊನೆಯದು, ಇರುವ ಕಾರ್ಡಿನ ಏರ್ ಕೂಲರ್ ಬಿಚ್ಚಿ ವಾಟರ್ ಬ್ಲಾಕ್ ಹಾಕುವುದು. "4080ಗೆ ಬ್ಲಾಕ್" ಅಂತ ಒಂದೇ ವಸ್ತು ಇಲ್ಲ. ಒಂದೇ 4080 ಚಿಪ್ ಇದ್ದರೂ ಪ್ರತಿ ಕಂಪನಿ, ಪ್ರತಿ ಮಾದರಿಯ ಬೋರ್ಡ್ ಬೇರೆ, ತೂತು ಬೇರೆ, ಬಿಡಿಭಾಗಗಳ ಎತ್ತರ ಬೇರೆ. ಆಲ್ಫಾಕೂಲ್, ಬೈಕ್ಸ್‌ಕಿಯಂಥ ಬ್ಲಾಕ್ ತಯಾರಕರ ಹೊಂದಾಣಿಕೆ ಪಟ್ಟಿಯಲ್ಲಿ ನಿಮ್ಮ ಕಾರ್ಡಿನ ಪೂರ್ತಿ ಮಾದರಿ ಸಂಖ್ಯೆ ಇದ್ದರೆ ಮಾತ್ರ ಮುಂದುವರಿಯಿರಿ. ಮೆಮರಿ ಮೇಲಿನ ಥರ್ಮಲ್ ಪ್ಯಾಡಿನ ದಪ್ಪ ಬ್ಲಾಕಿನ ಕೈಪಿಡಿಯಲ್ಲಿ ಹೇಳಿದಷ್ಟೇ ಇರಬೇಕು. ಅರ್ಧ ಮಿ.ಮೀ. ದಪ್ಪ ಹೆಚ್ಚಾದರೂ ಬ್ಲಾಕ್ ಚಿಪ್ಪಿಗೆ ತಾಗದೆ ಮೇಲೆ ನಿಲ್ಲುತ್ತದೆ.

## 7. ಕಸ್ಟಮ್ ಲೂಪ್: ಯಾರಿಗೆ, ಎಷ್ಟು

ಬ್ಲಾಕ್ ಹಾಕಿದ ಮೇಲೆ ಪಂಪ್, ಟ್ಯಾಂಕ್, ರೇಡಿಯೇಟರ್, ಪೈಪ್ ಎಲ್ಲ ನೀವೇ ಜೋಡಿಸಬೇಕು. ವರ್ಷಕ್ಕೊಮ್ಮೆ ನೀರು ಬದಲಿಸುವ ತಾಳ್ಮೆ ಇರುವವರು, ಕಾರ್ಡಿನ ವಾರಂಟಿ ಬಗ್ಗೆ ಚಿಂತೆ ಇಲ್ಲದವರು ಮಾಡಿ. ಕೆಲಸಕ್ಕೆ ಇರುವುದು ಒಂದೇ ಕಂಪ್ಯೂಟರ್ ಅಂದರೆ ಬೇಡ.

ರೇಡಿಯೇಟರ್ ಲೆಕ್ಕ: ಒಂದು 120 ಮಿ.ಮೀ. ಫ್ಯಾನ್ ಜಾಗಕ್ಕೆ ಸುಮಾರು 100 ವ್ಯಾಟ್ ಅಂತ ಅಂದಾಜು ಹಿಡಿಯಿರಿ, ಮೇಲೆ ನಮ್ಮ ಬೇಸಿಗೆಗೆ ಅಂತ ಒಂದು ಫ್ಯಾನಿನಷ್ಟು ಸೇರಿಸಿ. 4090 ಮತ್ತು 150 ವ್ಯಾಟ್ ಸಿಪಿಯು ಅಂದರೆ 600, ಅಂದರೆ ಆರು ಫ್ಯಾನು, ಒಂದು ಸೇರಿಸಿದರೆ ಏಳು. ಎರಡು 360 ಹಾಕಿ ಕಾರ್ಡಿನ ಪವರ್ ಲಿಮಿಟ್ ಸ್ವಲ್ಪ ಇಳಿಸಿದರೆ ಸರಿಹೋಗುತ್ತದೆ.

ತಾಮ್ರ ಮತ್ತು ಅಲ್ಯೂಮಿನಿಯಂ ಬೆರೆಸಬೇಡಿ. ಎರಡು ಲೋಹ ಒಂದೇ ನೀರಿನಲ್ಲಿದ್ದರೆ ಅಲ್ಯೂಮಿನಿಯಂ ಸವೆಯುತ್ತಾ ಹೋಗುತ್ತದೆ. ಬ್ಲಾಕ್ ತಾಮ್ರದ್ದಾದರೆ ರೇಡಿಯೇಟರೂ ತಾಮ್ರ ಅಥವಾ ಹಿತ್ತಾಳೆಯದ್ದೇ ಇರಲಿ. ನೀರಿನ ವಿಷಯದಲ್ಲೂ ಹಾಗೆಯೇ: ಮನೆಯ ಆರ್‌ಓ ನೀರು, ಬಾಟಲಿ ನೀರು, ಬೋರ್‌ವೆಲ್ ನೀರು ಯಾವುದೂ ಬೇಡ, ಅದರಲ್ಲಿರುವ ಲವಣ ಬ್ಲಾಕಿನ ಕೂದಲೆಳೆಯಂಥ ಸಂದುಗಳಲ್ಲಿ ಕಟ್ಟಿಕೊಳ್ಳುತ್ತದೆ. ಕಾರಿನ ಕೂಲೆಂಟೂ ಬೇಡ. ಕಂಪ್ಯೂಟರಿಗೆಂದೇ ಮಾಡಿದ ಬಣ್ಣವಿಲ್ಲದ ಕೂಲೆಂಟ್ ತನ್ನಿ. ಹಾಲಿನಂತೆ ಕಾಣುವ ಗಟ್ಟಿ ಬಣ್ಣದವು ನೋಡಲು ಚೆಂದ, ಕೆಲವೇ ತಿಂಗಳಲ್ಲಿ ಅದರ ಗಷ್ಟು ತಳಕ್ಕಿಳಿದು ಬ್ಲಾಕ್ ಕಟ್ಟುತ್ತದೆ.

ಮೊದಲ ಲೂಪಿಗೆ ಮೆತ್ತನೆಯ ಪೈಪನ್ನೇ ಬಳಸಿ. ಬಗ್ಗಿಸಿ ಮಾಡುವ ಗಟ್ಟಿ ಪಿಇಟಿಜಿ ಪೈಪು ಸುಮಾರು 60 ಡಿಗ್ರಿಗೆ ಮೆತ್ತಗಾಗಲು ಶುರುವಾಗುತ್ತದೆ, ಪಂಪ್ ನಿಂತ ದಿನ ಅದು ಫಿಟ್ಟಿಂಗಿನಿಂದ ಜಾರಬಹುದು.

ತುಂಬಿಸುವಾಗ ಮದರ್‌ಬೋರ್ಡಿಗೆ, ಕಾರ್ಡಿಗೆ ಕರೆಂಟ್ ಕೊಡಬೇಡಿ. ಎಸ್‌ಎಮ್‌ಪಿಎಸ್‌ನ 24 ಪಿನ್ ವೈರಿಗೆ ಜಂಪರ್ ಪ್ಲಗ್ (ಮದರ್‌ಬೋರ್ಡ್ ಇಲ್ಲದೆಯೂ ಅದು ಆನ್ ಆಗುವಂತೆ ಮಾಡುವ ಪ್ಲಗ್) ಹಾಕಿ ಪಂಪ್ ಒಂದನ್ನೇ ಓಡಿಸಿ. ಟ್ಯಾಂಕಿನಲ್ಲಿ ನೀರಿಲ್ಲದೆ ಪಂಪ್ ಒಂದು ಕ್ಷಣವೂ ಓಡಬಾರದು. ಪ್ರತಿ ಜೋಡಣೆಯ ಕೆಳಗೂ ಬಿಳಿ ಟಿಶ್ಯೂ ಕಾಗದ ಸುತ್ತಿಟ್ಟು 24 ಗಂಟೆ ಬಿಡಿ. ಒಂದೇ ಒಂದು ಕಾಗದ ಒದ್ದೆಯಾಗಿದ್ದರೂ ಅದನ್ನು ಸರಿಮಾಡಿ, ಮತ್ತೆ ಮೊದಲಿನಿಂದ 24 ಗಂಟೆ.

## 8. ಎಐಒ ಕೂರಿಸುವ ಕ್ರಮ

1. ಪೇಸ್ಟ್ ಹಚ್ಚದೆ, ಸ್ಕ್ರೂ ಹಾಕದೆ, ಎಲ್ಲವನ್ನೂ ಸುಮ್ನೆ ಒಮ್ಮೆ ಜಾಗಕ್ಕಿಟ್ಟು ನೋಡಿ. ಪೈಪು ರ‍್ಯಾಮಿಗೆ ಒತ್ತುತ್ತದಾ, ಗಾಜು ಮುಚ್ಚುತ್ತದಾ?

2. ಸಿಪಿಯು ಪವರ್ ವೈರನ್ನು, ಅದೇ ಬೋರ್ಡಿನ ಮೇಲಿನ ಮೂಲೆಯ 8 ಪಿನ್ನಿನದ್ದು, ಈಗಲೇ ಚುಚ್ಚಿ. ಮೇಲ್ಗಡೆ ರೇಡಿಯೇಟರ್ ಬಂದ ಮೇಲೆ ಅಲ್ಲಿಗೆ ಬೆರಳು ಹೋಗುವುದಿಲ್ಲ.

3. ಬ್ರಾಕೆಟ್ ಹಾಕಿ. ಎಎಮ್5ನಲ್ಲಿ ಬೋರ್ಡಿನ ಜೊತೆ ಬಂದ ಹಿಂದಿನ ಲೋಹದ ಫಲಕ ಹಾಗೇ ಇರಬೇಕು, ಮುಂದಿನ ಪ್ಲಾಸ್ಟಿಕ್ ಮಾತ್ರ ಬಿಚ್ಚಿ ಜೋಪಾನವಾಗಿಡಿ.

4. ಫ್ಯಾನುಗಳನ್ನು ರೇಡಿಯೇಟರಿಗೆ ಕೂರಿಸಿ. ಉದ್ದ ಸ್ಕ್ರೂ ಫ್ಯಾನಿಗೆ, ಗಿಡ್ಡ ಸ್ಕ್ರೂ ಕ್ಯಾಬಿನೆಟ್ಟಿಗೆ. ಇದು ಅದಲುಬದಲಾದರೆ ಉದ್ದ ಸ್ಕ್ರೂ ನೇರವಾಗಿ ರೇಡಿಯೇಟರಿನ ನೀರಿನ ಕೊಳವೆಗೆ ತೂತು ಮಾಡುತ್ತದೆ. ಸ್ಕ್ರೂ ಗಟ್ಟಿ ಅನ್ನಿಸಿದರೆ ಬಲ ಹಾಕಬೇಡಿ, ತೆಗೆದು ಉದ್ದ ನೋಡಿ.

5. ರೇಡಿಯೇಟರ್ ಕೂರಿಸಿ. ಮೇಲ್ಗಡೆ, ಗಾಳಿ ಹೊರಗೆ ಹೋಗುವ ಹಾಗೆ ಇಡುವುದು ನನಗೆ ಸರಿ ಅನ್ನಿಸುತ್ತದೆ: ನಮ್ಮ ಧೂಳಿಗೆ ರೇಡಿಯೇಟರ್ ಬೇಗ ಕಟ್ಟುವುದಿಲ್ಲ, ಕಾರ್ಡಿಗೆ ತಣ್ಣನೆ ಗಾಳಿ ಸಿಗುತ್ತದೆ. ಮುಂದೆ ಇಟ್ಟರೆ ಸಿಪಿಯು ಸ್ವಲ್ಪ ತಂಪು, ಕಾರ್ಡ್ ಸ್ವಲ್ಪ ಬಿಸಿ. ಎಲ್ಲಿಟ್ಟರೂ ಒಂದು ನಿಯಮ ತಪ್ಪಬಾರದು, ರೇಡಿಯೇಟರಿನ ಮೇಲಿನ ತುದಿ ಪಂಪಿಗಿಂತ ಎತ್ತರದಲ್ಲಿರಬೇಕು. ಒಳಗೆ ಯಾವಾಗಲೂ ಒಂದಿಷ್ಟು ಗಾಳಿ ಇರುತ್ತದೆ, ಅದು ಎತ್ತರದ ಜಾಗಕ್ಕೆ ಹೋಗಿ ಕೂರುತ್ತದೆ. ಆ ಎತ್ತರದ ಜಾಗ ಪಂಪೇ ಆದರೆ ಗುಳುಗುಳು ಸದ್ದು, ಕೆಲವೇ ಕಾಲದಲ್ಲಿ ಪಂಪ್ ಹಾಳು. ಮುಂದೆ ಇಡುವವರು ಪೈಪುಗಳು ಕೆಳತುದಿಯಲ್ಲಿ ಬರುವಂತೆ ಇಡಿ.

6. ಬ್ಲಾಕಿನ ತಳ ತಿರುಗಿಸಿ ಟಾರ್ಚ್ ಬಿಟ್ಟು ನೋಡಿ. ತಾಮ್ರದ ಮೇಲೆ ತೆಳ್ಳಗೆ, ಕನ್ನಡಿಯಂತೆ ಹೊಳೆಯುವ ಪ್ಲಾಸ್ಟಿಕ್ ಹಾಳೆ ಅಂಟಿರುತ್ತದೆ. ಒಂದು ಮೂಲೆಯಲ್ಲಿ ಉಗುರು ಕೊಟ್ಟು ಎಬ್ಬಿಸಿದರೆ ಪೂರ್ತಿ ಕಿತ್ತು ಬರುತ್ತದೆ. ಅದನ್ನು ಕೀಳದೆ ಕೂರಿಸಿ "ಕೂಲರ್ ಕೆಟ್ಟಿದೆ" ಅಂತ ವಾಪಸ್ ಕಳಿಸಿದವರನ್ನು ನಾನೇ ನೋಡಿದ್ದೇನೆ. ಚಿಪ್ಪಿನ ಮೇಲಿನ ಹಳೇ ಪೇಸ್ಟನ್ನು ಆಲ್ಕೋಹಾಲಿನಲ್ಲಿ ಒರೆಸಿ. ಬ್ಲಾಕಿಗೆ ಪೇಸ್ಟ್ ಮೊದಲೇ ಹಚ್ಚಿ ಬಂದಿದ್ದರೆ ಅದನ್ನು ಮುಟ್ಟಬೇಡಿ, ಮತ್ತೆ ಹಚ್ಚಲೂ ಬೇಡಿ. ಇಲ್ಲದಿದ್ದರೆ ಚಿಪ್ಪಿಗೆ ಪೇಸ್ಟ್ ಹಚ್ಚಿ ಬ್ಲಾಕ್ ಇಡಿ.

7. ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಎರಡೆರಡು ಸುತ್ತಿನಂತೆ ಬಿಗಿಮಾಡಿ. ಒಂದನ್ನು ಪೂರ್ತಿ ಬಿಗಿದು ಆಮೇಲೆ ಇನ್ನೊಂದಕ್ಕೆ ಹೋದರೆ ಬ್ಲಾಕ್ ಓರೆಯಾಗುತ್ತದೆ.

8. ಪಂಪಿನ ವೈರ್ ಎಐಒ ಪಂಪ್ ಅಂತ ಬರೆದ ಹೆಡರಿಗೆ, ಫ್ಯಾನುಗಳದ್ದು ಸಿಪಿಯು ಫ್ಯಾನ್ ಹೆಡರಿಗೆ. ಬಣ್ಣದ ದೀಪದ ವೈರಿನಲ್ಲಿ ಎಚ್ಚರ: ಮೂರು ಪಿನ್ನಿನದ್ದು 5 ವೋಲ್ಟ್, ನಾಲ್ಕು ಪಿನ್ನಿನದ್ದು 12 ವೋಲ್ಟ್. 5 ವೋಲ್ಟ್ ದೀಪವನ್ನು ಒತ್ತಿ 12ಕ್ಕೆ ಚುಚ್ಚಿದರೆ ದೀಪ ಸುಟ್ಟುಹೋಗುತ್ತದೆ.

## 9. ಮೊದಲ ಸಲ ಆನ್ ಮಾಡಿದಾಗ

ನೇರ ವಿಂಡೋಸ್‌ಗೆ ಹೋಗಬೇಡಿ, ಬಯೋಸಿನಲ್ಲಿ ನಿಲ್ಲಿ. ಪಂಪಿನ ಆರ್‌ಪಿಎಮ್ ಸೊನ್ನೆ ಇದ್ದರೆ ತಕ್ಷಣ ಆಫ್ ಮಾಡಿ ವೈರ್ ನೋಡಿ. ಸಂಖ್ಯೆ ಬರುತ್ತಿದ್ದರೆ ಪಂಪನ್ನು ಪೂರ್ತಿ ವೇಗಕ್ಕೆ ಇಟ್ಟು, ಐದು ನಿಮಿಷ ಬಯೋಸಿನಲ್ಲೇ ಬಿಡಿ. ಸಿಪಿಯು ಬಿಸಿ ಏರುತ್ತಲೇ ಹೋಗಿ 70 ದಾಟಿದರೆ ಬ್ಲಾಕ್ ಸರಿಯಾಗಿ ಕೂತಿಲ್ಲ ಅಂತ ಅರ್ಥ.

ಮೊದಲ ದಿನ ಸ್ವಲ್ಪ ಗುಳುಗುಳು ಸದ್ದು ಸಹಜ. ಕ್ಯಾಬಿನೆಟ್ಟನ್ನು ಮೆಲ್ಲಗೆ ಆಚೀಚೆ ವಾಲಿಸಿದರೆ ಗಾಳಿ ರೇಡಿಯೇಟರಿಗೆ ಏರುತ್ತದೆ.

ಆಮೇಲೆ ಸಿನಿಬೆಂಚ್ ಅರ್ಧ ಗಂಟೆ ಓಡಿಸಿ. ಐದು ನಿಮಿಷ ಓಡಿಸಿ "ಸೂಪರ್" ಅಂದುಬಿಡಬೇಡಿ. ನೀರು ಬಿಸಿಯಾಗಿ ಒಂದು ಹಂತಕ್ಕೆ ನಿಲ್ಲಲು 20ರಿಂದ 30 ನಿಮಿಷ ಬೇಕು, ನಿಜವಾದ ಸಂಖ್ಯೆ ಆಗ ಕಾಣುವುದು. ಕೂಲರ್ ನೀರಿನ ಬಿಸಿಯನ್ನು ತೋರಿಸುತ್ತದೆ ಅಂದರೆ ಫ್ಯಾನ್ ವೇಗವನ್ನು ಸಿಪಿಯು ಬಿಸಿಗೆ ಕಟ್ಟುವ ಬದಲು ಅದಕ್ಕೆ ಕಟ್ಟಿ. ಸಿಪಿಯು ಬಿಸಿ ಕ್ಷಣಕ್ಕೊಮ್ಮೆ ಜಿಗಿಯುತ್ತದೆ, ಫ್ಯಾನೂ ಜೊತೆಗೆ ಅರಚುತ್ತದೆ. ನೀರು ಮೆಲ್ಲಗೆ ಏರಿ ಮೆಲ್ಲಗೆ ಇಳಿಯುತ್ತದೆ.

ಅರ್ಧ ಗಂಟೆಯ ಕೊನೆಗೆ ರೂಮಿನ ಡಿಗ್ರಿ, ಸಿಪಿಯು ಡಿಗ್ರಿ, ವ್ಯಾಟ್, ತಾರೀಖು, ಇಷ್ಟನ್ನೂ ಒಂದು ಚೀಟಿಯಲ್ಲಿ ಬರೆದು ಕ್ಯಾಬಿನೆಟ್ಟಿನ ಹಿಂದೆ ಅಂಟಿಸಿ. ಮುಂದಿನ ಹಂತಕ್ಕೆ ಈ ಚೀಟಿಯೇ ಆಧಾರ.

## 10. ಈ ಲಕ್ಷಣ ಕಂಡರೆ ನಿರ್ಲಕ್ಷಿಸಬೇಡಿ

ಏನೂ ಕೆಲಸವಿಲ್ಲದೆ ಸುಮ್ನೆ ಡೆಸ್ಕ್‌ಟಾಪ್ ತೆರೆದಿಟ್ಟರೂ ಸಿಪಿಯು 80, 90 ತೋರಿಸಿದರೆ ಪಂಪ್ ನಿಂತಿರಬಹುದು. ಎರಡೂ ಪೈಪನ್ನು ಬೆರಳಿನಿಂದ ಮುಟ್ಟಿ ನೋಡಿ. ನೀರು ಓಡುತ್ತಿದ್ದರೆ ಎರಡೂ ಹೆಚ್ಚುಕಡಿಮೆ ಒಂದೇ ಬಿಸಿ ಇರುತ್ತವೆ. ಒಂದು ಸುಡುತ್ತಾ ಇನ್ನೊಂದು ತಣ್ಣಗಿದ್ದರೆ ನೀರು ಓಡುತ್ತಿಲ್ಲ. ಕಂಪ್ಯೂಟರ್ ಆಫ್ ಮಾಡಿ, ವಾರಂಟಿಗೆ ಕಳಿಸಿ.

ತಿಂಗಳಾದರೂ ಗುಳುಗುಳು ನಿಲ್ಲದಿದ್ದರೆ ಎಂಟನೇ ಹಂತದ ಎತ್ತರದ ನಿಯಮ ನೋಡಿ. ಅದು ಸರಿಯಿದ್ದೂ ಹಳೇ ಕೂಲರಿನಲ್ಲಿ ಸದ್ದು ಹೊಸದಾಗಿ ಶುರುವಾಗಿದ್ದರೆ ಒಳಗೆ ನೀರು ಕಡಿಮೆಯಾಗಿದೆ.

ಪೈಪ್ ಸೇರುವ ಜಾಗದಲ್ಲಿ ಬಿಳಿ ಅಥವಾ ಹಸಿರು ಪುಡಿ, ಅಂಟು ಕಲೆ ಕಂಡರೆ ಅದು ಸೋರಿ ಒಣಗಿದ ಗುರುತು. ನೀರೇ ಕಂಡರೆ ಕಂಪ್ಯೂಟರಿನ ಗುಂಡಿ ಒತ್ತುತ್ತಾ ಕೂರಬೇಡಿ, ಗೋಡೆಯ ಸ್ವಿಚ್ ಆರಿಸಿ ಪ್ಲಗ್ ಕೀಳಿ. ಭಾಗಗಳನ್ನು ಬಿಚ್ಚಿ ಆಲ್ಕೋಹಾಲಿನಲ್ಲಿ ಒರೆಸಿ, ಎರಡು ಮೂರು ದಿನ ಫ್ಯಾನಿನ ಕೆಳಗೆ ಒಣಗಿಸದೆ ಮತ್ತೆ ಕರೆಂಟ್ ಕೊಡಬೇಡಿ.

ಬಿಸಿ ತಿಂಗಳಿಂದ ತಿಂಗಳಿಗೆ ಒಂದೊಂದೇ ಡಿಗ್ರಿ ಏರುತ್ತಿದ್ದರೆ ಮೊದಲು ಧೂಳು ತೆಗೆಯಿರಿ. ಜಾಲರಿಯನ್ನು ತಿಂಗಳಿಗೊಮ್ಮೆ ತೊಳೆದು ಪೂರ್ತಿ ಒಣಗಿಸಿ. ರೇಡಿಯೇಟರಿಗೆ ಬ್ಲೋವರನ್ನು ಗಾಳಿ ಬರುವ ದಿಕ್ಕಿನ ಎದುರುಗಡೆಯಿಂದ ಊದಿ, ಊದುವಾಗ ಫ್ಯಾನಿನ ಎಸಳನ್ನು ಬೆರಳಲ್ಲಿ ಹಿಡಿದುಕೊಳ್ಳಿ. ಎಲ್ಲ ಒರೆಸಿದ ಮೇಲೆ ಚೀಟಿಯಲ್ಲಿ ಬರೆದ ಅದೇ ಪರೀಕ್ಷೆ ಮಾಡಿ, ಸಿಪಿಯು ಡಿಗ್ರಿಯಿಂದ ರೂಮಿನ ಡಿಗ್ರಿ ಕಳೆಯಿರಿ. ಮೊದಲ ದಿನದ ವ್ಯತ್ಯಾಸಕ್ಕಿಂತ ಈಗಿನದ್ದು 10 ಡಿಗ್ರಿ ಜಾಸ್ತಿ ಇದ್ದರೆ ಪೇಸ್ಟ್ ಬದಲಿಸಿ. ಆಮೇಲೂ ಹಾಗೇ ಇದ್ದು, ಕೂಲರಿಗೆ ಐದಾರು ವರ್ಷ ಆಗಿದ್ದರೆ, ಮುಂದಿನ ಬೇಸಿಗೆ ಬರುವ ಮುಂಚೆ, ಫೆಬ್ರವರಿ ಒಳಗೇ, ಹೊಸದು ಹಾಕಿಸಿ.